ಅಜ್ಜನ ಎಲೆಗೆ ಮೆಕ್ಸಿಕೋದ ಮಿರ್ಚಿ

"ಆಚಾರ್ರ, ಅಜ್ಜನ ಎಲಿಗೆ ಮಿರ್ಚಿ ಯಾಕ ಬಡಿಸಿಲ್ಲ?"

ಹೋದ ವಾರ ನಮ್ಮ ಮಾವನವರ ತಿಥಿ. ಮಂತ್ರ ಮುಗಿದು, ಎಲೆಯ ಮೇಲೆ ಎಲ್ಲ ಬಡಿಸಿ ಆಗಿದೆ. ಆ ಹೊತ್ತಿಗೆ ಸರಿಯಾಗಿ ನನ್ನ ಮಗಳು ಪ್ರಣತಿ ಕೇಳಿದ ಪ್ರಶ್ನೆ ಇದು. ಆಚಾರ್ಯರು ನನ್ನ ಗಂಡನ ಮುಖ ನೋಡಿದರು. ಗಂಡ ನನ್ನ ಮುಖ ನೋಡಿದರು. ನನಗೆ ನೋಡಲು ಯಾರೂ ಉಳಿದಿರಲಿಲ್ಲ, ಗೋಡೆ ನೋಡಿದೆ.

ಯಾಕೆಂದರೆ ಈ ಪ್ರಶ್ನೆಯ ಮೂಲ ನಾನೇ. ನಾನು ಮತ್ತು ಮೆಕ್ಸಿಕೋ.

ನಾನು ಹೊಸಪೇಟೆಯ ಒಂದು ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಪಾಠ ಮಾಡುತ್ತೇನೆ. (ಮಗಳೂ ಅದೇ ಕ್ಲಾಸಿನಲ್ಲಿದ್ದಾಳೆ. ಅದು ನಮ್ಮಿಬ್ಬರ ಹಣೆಬರಹ.) ಹೊಸ ಪ್ರಿನ್ಸಿಪಾಲರಿಗೆ ಒಂದು ಹುರುಪು ಬಂತು. ಒಂದೊಂದು ಸೆಕ್ಷನ್ನಿಗೆ ಒಂದೊಂದು ದೇಶ. ಅದರ ಊಟ, ಉಡುಗೆ, ಹಬ್ಬ ಎಲ್ಲ ಮಕ್ಕಳಿಗೆ ಕಲಿಸಬೇಕು. ಚೀಟಿ ಎತ್ತಿದೆವು. ಪಕ್ಕದ ಸೆಕ್ಷನ್ನಿನ ಟೀಚರಿಗೆ ಜಪಾನ್ ಬಂತು, ನನಗೆ ಮೆಕ್ಸಿಕೋ. ಮೆಕ್ಸಿಕೋ ಬಗ್ಗೆ ನನಗೆ ಗೊತ್ತಿದ್ದದ್ದು ದೊಡ್ಡ ಟೋಪಿ ಒಂದೇ.

ಹೆದರಿದ್ದು ದಂಡವಾಯಿತು. ಮೊದಲ ದಿನ ಅಲ್ಲಿನ ಮೆಟ್ಟಿಲು ಮೆಟ್ಟಿಲಾದ ಪಿರಮಿಡ್ಡಿನ ಚಿತ್ರ ತೋರಿಸಿದೆ. "ಮಿಸ್, ಇದು ಮಹಾನವಮಿ ದಿಬ್ಬ ಐತ್ರಿ," ಎಂದ ಹಂಪಿ ಪಕ್ಕದ ಕಮಲಾಪುರದಿಂದ ಬಸ್ಸಿಗೆ ಬರುವ ಹೊನ್ನೂರ. ಅಲ್ಲಪ್ಪಾ, ಇದು ಬೇರೆ ದೇಶ ಅಂದರೆ ಒಪ್ಪಲೇ ಇಲ್ಲ. ದಿನಾ ನೋಡುವವನು ಅವನೋ ನಾನೋ? ತೋರ್ತಿಯಾ ಅಂದೆ. ರೊಟ್ಟಿ ಅಂದರು. ಮೆಕ್ಕೆಜೋಳದ ತವರೇ ಆ ದೇಶ ಅಂದೆ. ಗಾದಿಗನೂರಿನ ಮಾರೆಪ್ಪ ಎದ್ದು ನಿಂತ. "ಹಂಗಾದ್ರ ನಮ್ಮ ಹೊಲದ ತುಂಬ ಮೆಕ್ಸಿಕೋನೇ ಐತ್ರಿ ಮಿಸ್."

ನಿಜವಾದ ಗಲಾಟೆ ಆದದ್ದು ಮೆಣಸಿನಕಾಯಿಗೆ. ಸ್ಪೇನಿನವರು ಹಡಗು ಹತ್ತಿ ಅಲ್ಲಿಗೆ ಹೋಗಿ ಆಳಿದ್ದು, ಅದಕ್ಕೇ ಇವತ್ತಿಗೂ ಅಲ್ಲಿಯ ಜನ ಸ್ಪ್ಯಾನಿಷ್ ಆಡುವುದು, ಅಲ್ಲಿಯ ಮೆಣಸಿನಕಾಯಿ ಸಮುದ್ರ ದಾಟಿ ಪೋರ್ಚುಗೀಸರ ಕೈಯಿಂದ ಗೋವಾಕ್ಕೆ ಬಂದು, ಆಮೇಲೆ ನಮ್ಮ ಕಡೆ ಹಬ್ಬಿದ್ದು, ಎಲ್ಲ ಹೇಳಿದೆ. ಅಂದರೆ ಹಂಪಿ ಕಟ್ಟಿದ ಮೊದಲ ರಾಜರ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲೇ ಇಲ್ಲ.

ಹೊನ್ನೂರ ಬೆಂಚಿನಿಂದ ಎದ್ದ.

"ರಾಜರು ಮಿರ್ಚಿ ತಿಂದೇ ಇಲ್ಲೇನ್ರಿ?"

"ಇಲ್ಲ."

"ಪಾಪ," ಎಂದ ಹೊನ್ನೂರ. ಅಷ್ಟೊಂದು ಆನೆ, ಕುದುರೆ, ಮುತ್ತು, ರತ್ನ ಇದ್ದವರ ಮೇಲೆ ಮೂರನೇ ಕ್ಲಾಸಿಗೆ ಕನಿಕರ ಬಂದುಬಿಟ್ಟಿತು.

ಕೊನೆಗೆ ಉಳಿದದ್ದು ಮೆಕ್ಸಿಕೋದವರ ಸತ್ತವರ ಹಬ್ಬ. ಸಕ್ಕರೆಯ ತಲೆಬುರುಡೆ, ರಾಶಿ ರಾಶಿ ಚೆಂಡುಹೂವು, ಮೇಣದ ಬತ್ತಿ. ಬುರುಡೆ ಎಂದಕೂಡಲೇ ಪೇರೆಂಟ್ಸ್ ಗ್ರೂಪಿನಲ್ಲಿ ನನ್ನ ಮೇಲೆ ಮುಗಿಬೀಳುತ್ತಾರೆ ಅಂತ ಅಳುಕುತ್ತಲೇ ಶುರು ಮಾಡಿದೆ. ತೀರಿಕೊಂಡವರ ಫೋಟೊ ಇಡುತ್ತಾರೆ, ಅವರಿಗೆ ಇಷ್ಟವಾದ ತಿಂಡಿಯನ್ನೇ ಮಾಡಿ ಮುಂದಿಡುತ್ತಾರೆ, ಅವತ್ತು ಅವರು ಮನೆಗೆ ಬಂದುಹೋಗುತ್ತಾರೆ ಅಂತ ನಂಬಿಕೆ ಎಂದೆ.

ಅರ್ಧ ಕ್ಲಾಸು ಕೈ ಎತ್ತಿತು.

"ನಮ್ಮನ್ಯಾಗೂ ಮಾಡ್ತಾರ್ರಿ ಮಿಸ್. ಹಿರೇರ ಹಬ್ಬ. ನಮ್ಮ ತಾತಗ ಬೀಡಿ ಇಡ್ತಾರ, ಕಡ್ಡಿಪೆಟ್ಟಿಗಿ ಸುದ್ದ," ಎಂದ ಮಾರೆಪ್ಪ. ತನ್ನ ಮುತ್ಯಾಗೆ ಕೋಳಿ ಸಾರು ಎಂದ ಇನ್ನೊಬ್ಬ. ಕಂಪ್ಲಿ ಕಡೆಯ ಹುಡುಗಿಯೊಬ್ಬಳ ಅಜ್ಜಿಗೆ ಪ್ರತಿ ವರ್ಷ ಹೊಸ ಸೀರೆ, ಎಲೆ ಅಡಿಕೆ. ಈ ಮಕ್ಕಳಿಗೆ ಮೆಕ್ಸಿಕೋ ಪಕ್ಕದ ಓಣಿ. ದೂರ ಇದ್ದದ್ದು ನನಗೇ.

ಅವತ್ತು ಕೈ ಎತ್ತದೆ ಕೂತವರಲ್ಲಿ ನನ್ನ ಮಗಳೂ ಒಬ್ಬಳು.

ಈಗ ಮತ್ತೆ ನಮ್ಮ ಮನೆಗೆ ಬನ್ನಿ. ನಮ್ಮಲ್ಲಿ ತಿಥಿಯ ಅಡುಗೆಗೆ ಮೆಣಸಿನಕಾಯಿ ಹಾಕುವುದಿಲ್ಲ. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಖಾರಕ್ಕೆ ಕಾಳುಮೆಣಸು, ಅಷ್ಟೇ. ಮಾವನವರೋ ಮಹಾ ಮಿರ್ಚಿಪ್ರಿಯರು. ಭಾನುವಾರ ಸಂಜೆ ಮಂಡಕ್ಕಿ ವಗ್ಗರಣೆ, ಮಿರ್ಚಿ ಬಜ್ಜಿ ಆಗದಿದ್ದರೆ ಅವರಿಗೆ ಸೋಮವಾರ ಬರುತ್ತಲೇ ಇರಲಿಲ್ಲ. ಕಣ್ಣಲ್ಲಿ ನೀರು ಸುರಿಸುತ್ತಾ, "ಭಾಳ ಖಾರ ಅದ. ಇನ್ನೊಂದು ಹಾಕು," ಅನ್ನುವವರು.

ಆಚಾರ್ಯರು ಸಿಟ್ಟಾಗಲಿಲ್ಲ. "ಇದಕ್ಕ ನಡಿಯಂಗಿಲ್ಲವಾ. ಮೆಣಸಿನಕಾಯಿ ಹೊರಗಿಂದ ಬಂದದ್ದು."

"ಗೊತ್ತು. ಮೆಕ್ಸಿಕೋದ್ದು," ಎಂದಳು ಪ್ರಣತಿ. "ಆದ್ರ ಅಜ್ಜಗ ಸಪ್ಪನ್ನದು ಸೇರ್ತಿದ್ದಿಲ್ಲ. ಸೇರದ್ದು ಮಾಡಿಟ್ಟು ಕರದ್ರ ಯಾಕ ಬರ್ತಾನ? ಮಾರೆಪ್ಪನ ತಾತ ಬರ್ತಾನ. ನಮ್ಮ ಅಜ್ಜ ಬರಂಗಿಲ್ಲ."

ಹೇಳುತ್ತಲೇ ಅತ್ತುಬಿಟ್ಟಳು. ಅವಳು ವಾದ ಮಾಡುತ್ತಿರಲಿಲ್ಲ. ಬೆಳಗಿನಿಂದ ಅಜ್ಜನಿಗೆ ಕಾಯುತ್ತಿದ್ದಳು.

ನನಗೆ ಆಚಾರ್ಯರ ಮಾತೂ ತಪ್ಪು ಅನ್ನಿಸಲಿಲ್ಲ, ನೋಡಿ. ಯಾವುದು ಈ ನೆಲದ್ದು, ಯಾವುದು ಹಡಗಿನಲ್ಲಿ ಬಂದದ್ದು ಎನ್ನುವುದನ್ನು ಒಂದು ಬಾಳೆ ಎಲೆ ಇಷ್ಟು ತಲೆಮಾರು ನೆನಪಿಟ್ಟುಕೊಂಡಿದೆ. ನಾನು ಗೂಗಲ್ ಮಾಡಿ ಕಲಿಸಿದ ಪಾಠ ನಮ್ಮ ಅಡುಗೆಮನೆಯಲ್ಲೇ ಇತ್ತು. ಆದರೆ ಅಳುವ ಮಗುವಿಗೆ ಇದನ್ನು ಹೇಳುವುದು ಹೇಗೆ?

ಅತ್ತೆ ಮಡಿಯಲ್ಲಿ ಒಳಗಿದ್ದರು. ಎಲ್ಲ ಕೇಳಿಸಿರಬೇಕು. ತಿಥಿ ಪದ್ಧತಿಯ ಪ್ರಕಾರವೇ ಮುಗಿಯಿತು. ಇವತ್ತಲ್ಲ ನಾಳೆ ನನಗೆ ಬೈಗುಳ ಕಾದಿದೆ ಅಂದುಕೊಂಡೆ.

ಮರುದಿನ ಸಂಜೆ ಅತ್ತೆ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತರು. ಉದ್ದನೆಯ ಹಸಿಮೆಣಸಿನಕಾಯಿ, ಕಡ್ಲೆಹಿಟ್ಟು, ಕಾದ ಎಣ್ಣೆ. ಮೊದಲನೇ ಒಬ್ಬೆಯ ಮಿರ್ಚಿ ತಟ್ಟೆಗೆ ಹಾಕಿ ಮೊಮ್ಮಗಳ ಕೈಗೆ ಕೊಟ್ಟರು.

"ನಿನ್ನೆ ಪಿತೃಗಳಿಗಾತು. ಇವತ್ತು ನಿಮ್ಮಜ್ಜಗ. ಹೋಗು, ಇಟ್ಟು ಬಾ."

ಪಡಸಾಲೆಯಲ್ಲಿದ್ದ ಅಜ್ಜನ ಫೋಟೊದ ಮುಂದೆ ಪ್ರಣತಿ ತಟ್ಟೆ ಇಟ್ಟು, ಅಜ್ಜನಿಗೆ ಸಂಕೋಚ ಆಗಬಾರದೆಂದು ಕಣ್ಣು ಮುಚ್ಚಿ ಕೂತಳು. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರು. "ಕಡೀ ವರ್ಷ ಭಾಳ ಸಲ ಕೇಳಿದ್ರು," ಎಂದರು ನನಗೆ. "ಡಾಕ್ಟರ್ ಬ್ಯಾಡ ಅಂದಾರ ಅಂತ ನಾ ಕೊಡ್ಲೇ ಇಲ್ಲ."

ಕಣ್ಣು ಬಿಟ್ಟ ಪ್ರಣತಿಗೆ ಸಮಾಧಾನವಾಗಿತ್ತು. ಅಜ್ಜ ಬಂದಿದ್ದನಂತೆ. ಅಡುಗೆಮನೆಗೆ ಬಂದವಳೇ ಮುಂದಿನ ತಯಾರಿಗೆ ಇಳಿದಳು.

"ಅಜ್ಜಿ, ನೀ ಸತ್ತ ಮ್ಯಾಲೆ ನಿನಗೇನಿಡಬೇಕು?"

ನನ್ನ ಗಂಡನಿಗೆ ಬಾಯಲ್ಲಿದ್ದ ಮಿರ್ಚಿ ನೆತ್ತಿಗೇರಿತು. ಅತ್ತೆ ಮಾತ್ರ ಜಾಲರಿ ಸೌಟು ಹಿಡಿದುಕೊಂಡೇ ನಕ್ಕರು.

"ಇದನ್ನೇ ಇಡವಾ. ಆದ್ರ ಬಿಸೀದು ಇಡು. ಇಷ್ಟು ವರ್ಷ ಕರದೀನಿ, ಎಲ್ಲಾರಿಗೂ ಹಾಕಿ ನಾ ಕೂಡೋದ್ರಾಗ ಆರಿ ಮೆತ್ತಗಾಗಿರ್ತಿತ್ತು. ಬಿಸೀದು ಹೆಂಗಿರ್ತದ, ನನಗ ಗೊತ್ತಿಲ್ಲ."

ಅವರ ಕೈಯಿಂದ ಸೌಟು ಇಸಿದುಕೊಂಡೆ. "ನೀವು ಕುಂದ್ರಿ, ನಾ ಹಾಕ್ತೀನಿ," ಎಂದೆ.

ಇಷ್ಟು ವರ್ಷ ಅವರ ಪಕ್ಕದಲ್ಲೇ, ಅದೇ ಒಲೆಯ ಮುಂದೆ ನಿಂತ ನನಗೆ, ಈ ಒಂದು ಮಾತು ಬಾಯಿಗೆ ಬರಲು ಮೆಕ್ಸಿಕೋ ಸುತ್ತಿಬರಬೇಕಾಯಿತೇ?