ಬೆಲ್ಲದ ಡಬ್ಬಿಯ ಕ್ಯಾಪ್ಸೂಲುಗಳು

ನಮ್ಮ ಮನೆಯ ಬೆಲ್ಲದ ಡಬ್ಬಿಯಲ್ಲಿ ಬೆಲ್ಲ ಇಲ್ಲದೆ ಎರಡು ವರ್ಷವಾಯಿತು. ವಿಶಾಖಪಟ್ಟಣದಿಂದ ಬೆಲ್ಲಕ್ಕೆ ಹೆಸರಾದ ಅನಕಾಪಲ್ಲಿ ಎಷ್ಟು ಮಹಾ ದೂರ? ಮೊದಲೆಲ್ಲ ತಿಂಗಳಿಗೊಮ್ಮೆ ಹೋಗಿ, ಮೂರು ಅಂಗಡಿ ತಿರುಗಿ, ಚೂರು ಬಾಯಿಗೆ ಹಾಕಿ ನೋಡಿ ತರುತ್ತಿದ್ದೆ. ಈಗ ಆ ಸ್ಟೀಲ್ ಡಬ್ಬಿಯ ತುಂಬ ನನ್ನ ಹೆಂಡತಿ ನಿರ್ಮಲೆಯ ಮಾತ್ರೆಗಳು. ಕಬ್ಬಿಣದ್ದು ಒಂದು, ಕ್ಯಾಲ್ಸಿಯಂದು ಒಂದು, ವಿಟಮಿನ್ ಕ್ಯಾಪ್ಸೂಲಿನ ಬಾಟಲಿ ಒಂದು, ಜೊತೆಗೆ ಪ್ರೋಟೀನ್ ಪುಡಿಯ ಅಳತೆ ಚಮಚ. ಮುಚ್ಚಳ ತೆಗೆದರೆ ಇನ್ನೂ ಬೆಲ್ಲದ ವಾಸನೆ ಬರುತ್ತದೆ. ಇರುವೆಗಳು ಅದನ್ನೇ ನಂಬಿಕೊಂಡು ಬಂದು, ಎರಡು ಸುತ್ತು ಹಾಕಿ, ಬೇಜಾರು ಮಾಡಿಕೊಂಡು ವಾಪಸ್ ಹೋಗುತ್ತವೆ.

ಡಬ್ಬಿಯ ಕತೆಗೆ ಮೊದಲು ನನ್ನ ಚಟದ ಕತೆ ಹೇಳಬೇಕು. ನಾನು ಕುಡಿಯುವುದಿಲ್ಲ, ಸೇದುವುದಿಲ್ಲ, ಇಸ್ಪೀಟು ಮುಟ್ಟಿದವನಲ್ಲ. ಆದರೆ ಗೊತ್ತಿದ್ದದ್ದನ್ನು ಹೇಳದೆ ಇರಲಾರೆ. ಪಂಕ್ತಿಯಲ್ಲಿ ಪಕ್ಕದವರು ಮೆಣಸಿನಕಾಯಿ ಬಜ್ಜಿ ಬಾಯಿಗಿಡುವ ಹೊತ್ತಿಗೆ ಸರಿಯಾಗಿ, ಮೆಣಸಿನಕಾಯಿ ನಮ್ಮ ದೇಶದ್ದೇ ಅಲ್ಲ, ಹಡಗು ಹತ್ತಿ ಬಂದದ್ದು ಎಂದು ಶುರು ಮಾಡುತ್ತೇನೆ. ಬೆಳ್ಳಿ ಹಾಳೆ ಹೊದಿಸಿದ ಪೇಡ ಕಂಡರೆ, ಆ ಹಾಳೆಯನ್ನು ಹಿಂದೆಲ್ಲ ಯಾವ ಚರ್ಮದ ನಡುವೆ ಇಟ್ಟು ಬಡಿಯುತ್ತಿದ್ದರು ಅಂತ ವಿವರಿಸಿ ಕನಿಷ್ಠ ಇಬ್ಬರಿಗೆ ಪೇಡ ಬಿಡಿಸಿದ್ದೇನೆ. ಕಾರ್ಖಾನೆಯಲ್ಲಿ ನನ್ನ ತೆಲುಗು ಸಹೋದ್ಯೋಗಿಗಳು ನನ್ನನ್ನು ‘ಮಾಸ್ಟಾರು’ ಅನ್ನುತ್ತಾರೆ. ನಾನು ಇಂಜಿನಿಯರು. ಆ ಹೆಸರು ಗೌರವಕ್ಕೆ ಇಟ್ಟದ್ದು ಎಂದು ಬಹಳ ವರ್ಷ ನಂಬಿದ್ದೆ.

ನಿರ್ಮಲೆಯ ತೂಕ ಏರುತ್ತಾ ಹೋಗಿ, ಕೊನೆಗೆ ಮಂಡಿ ಕೈಕೊಟ್ಟಿತು. ನಮ್ಮ ಕ್ವಾರ್ಟರ್ಸಿನ ಮೆಟ್ಟಿಲು ಹತ್ತುವಾಗ ನಡುವೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಮಗಳು ದೀಪಾ ಕೆಲಸ ಮಾಡುವುದು ವಿಜಯವಾಡದಲ್ಲಿ. ಅವಳೇ ಅಲ್ಲಿ ಡಾಕ್ಟರನ್ನು ನೋಡಿ, ಅಮ್ಮನನ್ನು ಒಪ್ಪಿಸಿ, ಶ್ರಾವಣಕ್ಕೆ ಮೊದಲು ತೂಕ ಇಳಿಸುವ ಆಪರೇಷನ್ ಮಾಡಿಸಿದಳು. ಹೊಟ್ಟೆಯನ್ನು ಒಂದು ಬಾಳೆಕಾಯಿಯಷ್ಟು ಉಳಿಸಿ ಮಿಕ್ಕದ್ದನ್ನು ಕತ್ತರಿಸಿ ತೆಗೆದರು. ಥಿಯೇಟರಿಗೆ ಹೋಗುವ ಮುಂಚೆ ನಿರ್ಮಲೆ ಒಂದು ಹರಕೆ ಹೊತ್ತಳು: ಮಂಡಿ ಮಾತು ಕೇಳುವಂತಾದರೆ ಆ ಊರಿನ ದೇವಿಯ ಬೆಟ್ಟ ಇಂದ್ರಕೀಲಾದ್ರಿಯನ್ನು ಮೆಟ್ಟಿಲು ಹತ್ತಿಯೇ ಏರಿ ಅಮ್ಮನ ದರ್ಶನ ಮಾಡುತ್ತೇನೆ. ಬಿಡುಗಡೆಯ ದಿನ ಡಾಕ್ಟರು ಒಂದೇ ಮಾತನ್ನು ಮೂರು ಸಲ ಹೇಳಿದರು. ಇನ್ನು ಮೇಲೆ ಊಟದಿಂದ ಮೈಗೆ ಸಾಲುವುದಿಲ್ಲ, ಈ ಮಾತ್ರೆಗಳನ್ನು ಬದುಕಿರುವಷ್ಟು ದಿನ ತಪ್ಪಿಸಬಾರದು. ನಾನು ಮೂರು ಸಲವೂ ತಲೆಯಾಡಿಸಿದೆ.

ಎರಡು ತಿಂಗಳಲ್ಲಿ ಬಳೆ ಸಡಿಲವಾದವು, ಮುಖಕ್ಕೆ ಗದ್ದ ಬಂತು. ದಸರಾ ಬಂತು. ನಮ್ಮ ಟೌನ್‌ಶಿಪ್ಪಿನಲ್ಲಿ ಕನ್ನಡದವರ ಏಳೆಂಟು ಮನೆಗಳಿವೆ. ವಿಜಯದಶಮಿಯ ಸಂಜೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿ ಬನ್ನಿ ಹಂಚಿಕೊಳ್ಳುವುದು ವಾಡಿಕೆ. ನಿರ್ಮಲೆ ಅರ್ಧ ಇಡ್ಲಿ ಮುಗಿಸಿ ಕ್ಯಾಪ್ಸೂಲನ್ನು ಅಂಗೈಗೆ ಹಾಕಿಕೊಂಡಳು. ‘ಅದೇನಕ್ಕಾ?’ ಎಂದು ಯಾರೋ ಕೇಳಿದರು. ಅವರು ಕೇಳಿದ್ದು ಅವಳನ್ನು. ಉತ್ತರ ಕೊಟ್ಟದ್ದು ನಾನು.

ಕ್ಯಾಪ್ಸೂಲಿನ ಮೇಲಿನ ಸಿಪ್ಪೆ ಯಾವುದರಿಂದ ಮಾಡುತ್ತಾರೆ ಗೊತ್ತೇನು ನಿಮಗೆ ಎಂದು ಶುರು ಮಾಡಿ, ದನದ ಚರ್ಮ, ಮೂಳೆ, ಅವನ್ನು ಕುದಿಸುವುದು, ಅಂಟು ತೆಗೆಯುವುದು, ಎಲ್ಲವನ್ನೂ ಹೇಳಿದೆ. ನಮ್ಮದು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನೆ. ಬಂದವರೂ ಹಾಗೇ. ‘ಥೂ, ಸಾಕು ಮಾರಾಯ್ರೆ!’ ಎಂದು ಮುಖ ಕಿವುಚಿ ನಕ್ಕರು. ನನಗೆ ಅಷ್ಟು ಸಾಕು, ಆನೆ ಬಲ ಬಂತು. ನಿರ್ಮಲೆ ಕ್ಯಾಪ್ಸೂಲನ್ನು ತಟ್ಟೆಯಲ್ಲಿ ಬನ್ನಿ ಎಲೆಗಳ ಪಕ್ಕ ಇಟ್ಟು ನೀರು ಮಾತ್ರ ಕುಡಿದಳು.

ಅವಳು ಅಂದಿನಿಂದ ಕ್ಯಾಪ್ಸೂಲು ಬಿಟ್ಟದ್ದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಶುದ್ಧ ಸುಳ್ಳಾಗುತ್ತದೆ. ಡಬ್ಬಿಯಲ್ಲಿ ಬಾಟಲಿ ಹಾಗೇ ತುಂಬಿ ಕೂತದ್ದನ್ನು ನೋಡಿದ್ದೆ. ಕೇಳಿದ್ದಕ್ಕೆ, ‘ಮಿಕ್ಕಿದ್ದು ತಗೊಳ್ತಿದೀನಲ್ರೀ’ ಅಂದಳು. ಹೌದಲ್ಲ, ಇದೊಂದು ಟಾನಿಕ್ಕು ತಾನೇ ಎಂದುಕೊಂಡೆ. ನಾಲ್ಕು ತುತ್ತು ತಿನ್ನುವುದು, ಅದರಲ್ಲಿ ಎರಡು ವಾಂತಿಯಾಗುವುದು ನಡೆದೇ ಇತ್ತು. ಒಂದು ಸಂಜೆ ಬೀಚ್ ರಸ್ತೆಯಲ್ಲಿ ನಡೆಯುವಾಗ ಅವಳ ಒಂದು ಚಪ್ಪಲಿ ಹತ್ತು ಹೆಜ್ಜೆ ಹಿಂದೆಯೇ ಉಳಿದುಬಿಟ್ಟಿತ್ತು. ಅವಳಿಗೆ ತಿಳಿದೇ ಇಲ್ಲ. ನಾನು ಹೋಗಿ ಎತ್ತಿಕೊಂಡು ಬಂದೆ, ಮತ್ತು ಮನೆ ಮುಟ್ಟುವವರೆಗೆ ಈಗಿನ ರಬ್ಬರಿನ ಗುಣಮಟ್ಟದ ಬಗ್ಗೆ ಉಪನ್ಯಾಸ ಕೊಟ್ಟೆ.

ಮೇ ತಿಂಗಳಲ್ಲಿ ಹರಕೆ ತೀರಿಸಲು ವಿಜಯವಾಡಕ್ಕೆ ಹೋದೆವು. ಆ ಊರಿನ ಮೇ ತಿಂಗಳು ಎಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಬೆಳಿಗ್ಗೆ ಹೊರಟರೂ ನಿರ್ಮಲೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಮುಟ್ಟುವಾಗ ಸೂರ್ಯ ನೆತ್ತಿಯ ಮೇಲಿದ್ದ. ಆದರೂ ಹತ್ತಿದಳು! ನನ್ನ ಕಣ್ಣು ತುಂಬಿ ಬಂತು. ದರ್ಶನ ಮುಗಿಸಿ ಹೊರಬಂದರೆ ಕಲ್ಲುಹಾಸು ಕಾದ ಹೆಂಚಾಗಿತ್ತು. ಜನ ‘ಅಮ್ಮಾ, ಅಮ್ಮಾ’ ಎನ್ನುತ್ತ ಕಾಲೆತ್ತಿ ಕುಣಿಯುತ್ತ ನೆರಳಿಗೆ ಓಡುತ್ತಿದ್ದರು. ದೀಪಾ ಓಡಿದಳು, ನಾನೂ ಓಡಿದೆ. ನಿರ್ಮಲೆ ಮಾತ್ರ ಆ ಬಿಸಿಲಿನಲ್ಲಿ ನಿಂತು, ತಿರುಗಿ ಗೋಪುರಕ್ಕೆ ಕೈಮುಗಿದು, ನಿಧಾನವಾಗಿ ನಡೆದು ಬಂದಳು. ಒಬ್ಬಾಕೆ ಅವಳ ಕಡೆ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡಳು. ನಾನು ಹೆಮ್ಮೆಯಿಂದ ದೀಪಾಗೆ, ‘ನೋಡು ನಿಮ್ಮಮ್ಮನ ಭಕ್ತಿ’ ಅಂದೆ. ಅಷ್ಟಕ್ಕೇ ಬಿಟ್ಟೆನೇ? ಕೆಂಡ ಹಾಯುವವರ ಕಾಲು ಯಾಕೆ ಸುಡುವುದಿಲ್ಲ ಎಂಬುದನ್ನೂ ವಿವರಿಸತೊಡಗಿದೆ.

ನೆರಳಿನಲ್ಲಿ ಪ್ರಸಾದ ತಿನ್ನಲು ಕೂತಾಗ ದೀಪಾ ಅಮ್ಮನ ಪಾದ ನೋಡಿದಳು. ಎರಡೂ ಪಾದಗಳ ತುಂಬ ಬೊಕ್ಕೆ ಎದ್ದು, ಒಂದೆರಡು ಒಡೆದು ನೀರು ಸೋರುತ್ತಿತ್ತು. ನಿರ್ಮಲೆ ತಾನೂ ಬಗ್ಗಿ ನೋಡಿ, ಬೇರೆ ಯಾರದೋ ಕಾಲು ನೋಡಿದವಳಂತೆ, ‘ಇದು ಯಾವಾಗಾಯ್ತು?’ ಎಂದು ಕೇಳಿದಳು.

ದೀಪಾಗೆ ಸಿಟ್ಟು ಬಂದರೆ ಕನ್ನಡ ಸಾಲುವುದಿಲ್ಲ. ‘ನಾನ್ನಾ, ಅಮ್ಮ ಮಂದುಲು ವೇಸುಕುಂಟೋಂದಾ ಲೇದಾ?’ ಎಂದಳು. ಅಪ್ಪಾ, ಅಮ್ಮ ಔಷಧ ತಗೊಳ್ತಿದ್ದಾಳೋ ಇಲ್ಲವೋ ಎಂದು ಅವಳು ಕೇಳಿದ್ದು. ಬುಟ್ಟಿಗಟ್ಟಲೆ ಮಾಹಿತಿ ಹೊತ್ತು ತಿರುಗುವ ನಾನು ಆಟೋ ಹುಡುಕಲು ಎದ್ದೆ.

ಅದೇ ಮಧ್ಯಾಹ್ನ ಡಾಕ್ಟರ ಮುಂದೆ ಕೂತೆವು. ಬಿ ವಿಟಮಿನ್ ಸಿಗದೆ ಕಾಲಿನ ನರಗಳು ಸೊರಗಿವೆ ಅಂದರು. ಇಂಜೆಕ್ಷನ್ ಕೊಡೋಣ, ಸ್ವಲ್ಪ ವಾಪಸ್ ಬರುತ್ತೆ, ಎಲ್ಲ ಬರುತ್ತೆ ಅಂತ ಹೇಳಲಾರೆ ಅಂದರು. ಕ್ಯಾಪ್ಸೂಲು ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು. ನಿರ್ಮಲೆ ನನ್ನ ಮುಖ ನೋಡದೆ, ‘ಮರ್ಚಿಪೋಯಾನಂಡಿ’ ಅಂದಳು. ಮರೆತೆ ಅಂತೆ! ಇಪ್ಪತ್ತೆಂಟು ವರ್ಷದಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನು ಒಂದು ದಿನವೂ ಮರೆಯದವಳು. ನಾನು ತಡೆಯಲಾರದೆ ಬನ್ನಿಯ ಸಂಜೆಯನ್ನು ಪೂರ್ತಿ ಹೇಳಿಬಿಟ್ಟೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲಿದ್ದ ಅದೇ ಕಂಪನಿಯ ಬಾಟಲಿಯನ್ನು ತಿರುಗಿಸಿ ನನ್ನ ಮುಂದೆ ಇಟ್ಟರು. ಲೇಬಲ್ಲಿನ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ, ಹೊರಕವಚವೂ ಸಸ್ಯದ್ದೇ ಎಂದು ಬರೆದಿತ್ತು. ನನ್ನದೇ ಮನೆಯ ಬೆಲ್ಲದ ಡಬ್ಬಿಯಲ್ಲಿ ಏಳು ತಿಂಗಳು ಕೂತಿದ್ದದ್ದೂ ಇಂಥದೇ ಬಾಟಲಿ. ಲೋಕದ ಚರಿತ್ರೆಯೆಲ್ಲ ಓದುವ ನಾನು ಅದೊಂದನ್ನು ಓದಿರಲಿಲ್ಲ.

ಈಗ ದಿನಾ ಬೆಳಿಗ್ಗೆ ಕ್ಯಾಪ್ಸೂಲು ಕೊಡುವುದು ನನ್ನ ಕೆಲಸ. ಅದಕ್ಕೆ ಮೊದಲು ಇನ್ನೊಂದು ಕೆಲಸವಿದೆ. ಅವಳು ಕಣ್ಣು ಮುಚ್ಚಿ ಕೂರುತ್ತಾಳೆ. ನಾನು ಹತ್ತಿಯ ಎಳೆಯಿಂದ ಪಾದವನ್ನು ಅಲ್ಲಲ್ಲಿ ಮುಟ್ಟುತ್ತೇನೆ. ಗೊತ್ತಾದರೆ ಹೇಳಬೇಕು. ಸ್ಪರ್ಶ ಎಲ್ಲಿಯವರೆಗೆ ಇಳಿದಿದೆ ಎಂದು ತಿಳಿಯಲು ಡಾಕ್ಟರು ಹೇಳಿಕೊಟ್ಟದ್ದು. ಮೊದಲ ತಿಂಗಳುಗಳಲ್ಲಿ ಮೀನಖಂಡದಿಂದ ಹಿಮ್ಮಡಿಯವರೆಗೆ ಬಂತು. ಆಮೇಲೆ ಪಾದದ ನಡುವಿಗೆ. ಈಚೆಗೆ ಬೆರಳುಗಳಲ್ಲೂ ‘ಹ್ಞೂಂ’ ಅನ್ನತೊಡಗಿದ್ದಳು. ನಾನು ಖುಷಿಯಿಂದ ದೀಪಾಗೆ ಫೋನ್ ಮಾಡಿ ಹೇಳುತ್ತಿದ್ದೆ.

ಮೊನ್ನೆ ಮಂಗಳವಾರ ಅವಳು ಕಣ್ಣು ಮುಚ್ಚಿ ಕೂತಿದ್ದಳು. ನಾನು ಹತ್ತಿ ಹಿಡಿದು ಬಗ್ಗಿದವನು, ಡಬ್ಬಿಯ ಕಡೆಗೆ ಹೊರಟ ಇರುವೆ ಸಾಲನ್ನು ನೋಡುತ್ತ ಒಂದು ಗಳಿಗೆ ಹಾಗೇ ನಿಂತೆ. ಹತ್ತಿ ಇನ್ನೂ ನನ್ನ ಕೈಯಲ್ಲೇ ಇತ್ತು, ಪಾದಕ್ಕೆ ತಾಗಿಸಿರಲಿಲ್ಲ.

‘ಹ್ಞೂಂರೀ, ಗೊತ್ತಾಯ್ತು’ ಅಂದಳು. ‘ಹೆಬ್ಬೆರಳು ಅಲ್ವಾ?’

ಬಾಯಿ ತೆರೆದೆ. ಮುಚ್ಚಿದೆ.

‘ಹೌದು, ಹೆಬ್ಬೆರಳೇ’ ಅಂದೆ. ಎದ್ದು ಹೋಗಿ ಡಬ್ಬಿಯಿಂದ ಕ್ಯಾಪ್ಸೂಲು ತೆಗೆದು, ನೀರಿನ ಲೋಟದ ಜೊತೆ ಅವಳ ಕೈಗೆ ಕೊಟ್ಟೆ. ಅವಳು ನುಂಗಿದಳು, ನಾನೂ ನನಗೆ ಗೊತ್ತಾದದ್ದನ್ನು ನುಂಗಿದೆ. ಜೀವಮಾನದಲ್ಲಿ ಅದೇ ಮೊದಲು. ಈಗ ನಿಮ್ಮ ಹತ್ತಿರ ಹೇಳಿಬಿಟ್ಟೆ, ಚಟ ನೋಡಿ. ನೀವು ಮಾತ್ರ ಅವಳಿಗೆ ಹೇಳಬೇಡಿ.