ಸೇರಿನಲ್ಲಿ ಅಳೆದ ಭಯ

ಶಾಂತಮೂರ್ತಿ ಮೇಷ್ಟ್ರು ಕೊಳ್ಳೇಗಾಲದ ಪದವಿ ಕಾಲೇಜೊಂದರಲ್ಲಿ ಹದಿನೆಂಟು ವರ್ಷದಿಂದ ಮನಃಶಾಸ್ತ್ರ ಹೇಳಿಕೊಡುತ್ತಿದ್ದರು. ಊರು ಹೊನ್ನೂರು. ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿ, ಎಂಟೂಕಾಲರ ಬಸ್ಸು ಹತ್ತಿ, ಹನ್ನೊಂದು ಮಕ್ಕಳ ತರಗತಿಗೆ ಹೋಗಿ ನೋಟ್ಸ್ ಬರೆಸುತ್ತಿದ್ದರು. ಮನುಷ್ಯನ ವರ್ತನೆ ಹೇಗೆ ಬದಲಾಗುತ್ತದೆ ಎಂಬ ಅಧ್ಯಾಯ ಅವರಿಗೆ ಬಾಯಿಪಾಠ. ಆದರೆ ಯಾರದಾದರೂ ವರ್ತನೆ ಬದಲಾದದ್ದನ್ನು ಅವರು ಕಣ್ಣಾರೆ ಕಂಡಿರಲಿಲ್ಲ.

ಆ ಜುಲೈನಲ್ಲಿ ಭಯದ ಪಾಠ ನಡೆದಿತ್ತು. ಹೆದರಿಸುವ ಸಂಗತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆಯಬೇಕು, ಒಂದರ ಮೇಲೆ ಮನಸ್ಸು ತಣ್ಣಗಾಗುವವರೆಗೆ ಇನ್ನೊಂದಕ್ಕೆ ಕಾಲಿಡಬಾರದು ಎಂದು ಬರೆಸುತ್ತಿದ್ದಾಗ ರಾಮಾಪುರದ ಕವಿತ ಎದ್ದು ನಿಂತಳು.

"ಸಾ, ಆನೆ ಭಯಕ್ಕೂ ಇದು ಆಯ್ತದಾ?"

ತರಗತಿ ನಕ್ಕಿತು. ಕವಿತ ನಗಲಿಲ್ಲ. ಹೋದ ವರ್ಷ ತೆನೆ ಕಾಲದಲ್ಲಿ ಅವಳ ತಂದೆ ಪುಟ್ಟಸಿದ್ದಯ್ಯನವರನ್ನು ಮುಸುಕಿನ ಜೋಳದ ಹೊಲದಲ್ಲಿ ಒಂಟಿ ಸಲಗ ಅಟ್ಟಿಸಿಕೊಂಡು ಬಂದಿತ್ತು. ಬದುವಿನ ಕೆಳಗೆ ಉರುಳಿ ಬದುಕಿದರು. ಮೈಮೇಲೆ ಒಂದು ಗೀರೂ ಇಲ್ಲ. ಅಂದಿನಿಂದ ಹೊಸಿಲು ಮಾತ್ರ ದಾಟಿಲ್ಲ. ಲಾರಿಯ ಹಾರ್ನ್ ಕೇಳಿದರೂ ಒಳಕೋಣೆ ಸೇರುತ್ತಾರೆ.

"ಡಾಕ್ಟರಿಗೆ ತೋರ್ಸಿದ್ರಾ?"

"ಮನೆಗೇ ಕರ್ಸಿ ತೋರ್ಸಿದ್ವಿ ಸಾ. ಮಾತ್ರೆ ತಕಂಡ್ಮೇಲೆ ನಿದ್ದೆ ಬತ್ತದೆ. ಒಸ್ಲು ಮಾತ್ರ ದಾಟಕ್ಕಿಲ್ಲ."

"ಆ ಡಾಕ್ಟರನ್ನ ಕೇಳ್ಕಂಡು, ನಿಧಾನಕ್ಕೆ ಮಾಡಿ ನೋಡವ್ವ" ಎಂದರು ಮೇಷ್ಟ್ರು. ಹೇಳಿದ ಮೇಲೆ ಅವರಿಗೇ ಅಳುಕಾಯಿತು. ಹದಿನೆಂಟು ವರ್ಷದಲ್ಲಿ ಅವರ ಪಾಠವನ್ನು ಮನೆಗೆ ಹೊತ್ತುಕೊಂಡು ಹೋದವರು ಯಾರೂ ಇರಲಿಲ್ಲ.

ಡಿಸೆಂಬರಿನಲ್ಲಿ ಕವಿತ ಕರೆದಳು. "ಭಾನುವಾರ ಬನ್ನಿ ಸಾ. ಕಡೇ ಮೆಟ್ಲು ಉಳ್ದದೆ."

ಭಾನುವಾರ ಮೇಷ್ಟ್ರು ರಾಮಾಪುರದಲ್ಲಿ ಅವಳ ಮನೆಯ ಜಗಲಿಯಲ್ಲಿ ಕುಳಿತು ಅವಳ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ತಿರುವಿದರು. ಹೊಸಿಲು, ಜಗಲಿ, ಕೊಟ್ಟಿಗೆ, ಬಸ್ ಸ್ಟಾಪು, ಬದು, ಹೊಲ. ಒಂದೊಂದರ ಮುಂದೆಯೂ ದಿನವಾರು ಅಂಕಿ.

"ನೂರಕ್ಕೆ ಎಷ್ಟು ಭಯ ಅಂದ್ರೆ ಅಪ್ಪಂಗೆ ತಿಳೀನಿಲ್ಲ ಸಾ. ಎಷ್ಟು ಸೇರು ಅಂತ ಕೇಳ್ದೆ. ತಕ್ಷಣ ಹೇಳ್ತು."

ಹೊಸಿಲಿನ ಹತ್ತು ಸೇರು ಎರಡಕ್ಕೆ ಇಳಿಯಲು ಹನ್ನೆರಡು ದಿನ ಹಿಡಿದಿತ್ತು. ಕೊಟ್ಟಿಗೆಯಲ್ಲಿದ್ದಾಗ ಒಮ್ಮೆ ಎಲ್ಲೋ ಪಟಾಕಿ ಸಿಡಿದು ಎಲ್ಲ ಕೆಟ್ಟಿತ್ತು. ಅವಳು ಬೈಯದೆ, ಬೇಡದೆ, ಮತ್ತೆ ಜಗಲಿಯಿಂದ ಶುರುಮಾಡಿದ್ದಳು. ಮೇಷ್ಟ್ರ ಬೆರಳು ಆ ಪುಟದ ಮೇಲೆಯೇ ನಿಂತಿತು. ತಾವು ಬರೆಸಿದ್ದು ನಾಲ್ಕು ಸಾಲು. ಇಲ್ಲಿ ಐದು ತಿಂಗಳಿತ್ತು.

ನಡುಹಗಲು ಎಲ್ಲರೂ ಹೊಲಕ್ಕೆ ಹೊರಟರು. ಬದುವಿನ ಹತ್ತಿರ ಬಂದಾಗ ಪುಟ್ಟಸಿದ್ದಯ್ಯ ಎದೆ ಹಿಡಿದು ಕುಕ್ಕರಿಸಿದರು. ಕವಿತ ಪಕ್ಕದಲ್ಲಿ ಕುಳಿತಳು. ಏಳು ಎನ್ನಲಿಲ್ಲ.

"ಎಷ್ಟಪ್ಪ?"

"ಏಳು."

ಜೋಳದ ಗರಿಗಳು ಗಾಳಿಗೆ ಸರಸರ ಅಂದವು. ಮೇಷ್ಟ್ರೇ ಎರಡು ಹೆಜ್ಜೆ ಹಿಂದೆ ಸರಿದರು.

"ಈಗ?"

"ನಾಕು." ಬಹಳ ಹೊತ್ತು ಕಳೆಯಿತು. "ಎಲ್ಡು ಕಣವ್ವ."

ಯಾರೂ ಹೇಳದೆಯೇ ಪುಟ್ಟಸಿದ್ದಯ್ಯ ಎದ್ದು ಆಳೆತ್ತರದ ಜೋಳದೊಳಕ್ಕೆ ಹೋಗಿ ಮರೆಯಾದರು. ಹೆಂಡತಿ ಕೆಂಪಾಜಮ್ಮ ಬದುವಿನ ಮೇಲೇರಿ ಇಣುಕಿದರು. ಒಳಗಿನಿಂದ ದನಿ ಬಂತು.

"ಏನಮ್ಮೀ, ತೆನೆ ಇಷ್ಟು ಬಲ್ತವೆ, ಇನ್ನೂ ಮುರೀದೆ ಯಾಕ್ ಬುಟ್ಟಿದ್ದೀಯೆ?"

ಕೆಂಪಾಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಶಾಂತಮೂರ್ತಿಗಳ ಮೈ ಜುಮ್ಮೆಂದಿತು. ತಮಗೇ ಗೊತ್ತಿಲ್ಲದಂತೆ ಕೈ ಮುಗಿದಿದ್ದರು. ಹೊಲಕ್ಕೋ ಹುಡುಗಿಗೋ, ಅವರಿಗೂ ಹೇಳಲಾಗುತ್ತಿರಲಿಲ್ಲ.

ಪುಟ್ಟಸಿದ್ದಯ್ಯ ತೋಳ ತುಂಬ ತೆನೆ ತಂದು ಅವರ ಮುಂದೆ ಸುರಿದರು. "ಎಲ್ಡು ಸೇರು ಅಂಗೇ ಅದೆ ಸಾ. ಇರ್ಲಿ ಬುಡಿ. ಆನೆಗೂ ಒಸಿ ಮರ್ವಾದೆ ಕೊಡ್ಬೇಕಲ್ವಾ?"