ಸಲ್ಫೇಟ್ ಕತ್ತರಿಸುವ ಕಿಣ್ವ ಮತ್ತು ಒಂದು ಸಹಿ

ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದ ಒಂದು ಪ್ರಯೋಗಾಲಯದಲ್ಲಿ ನಾನು ಜೀವಕೋಶ ಬೆಳೆಸುವ ಕೆಲಸದಲ್ಲಿದ್ದೆ. ಔಷಧ ಕಂಪನಿಗಳು ಕಳಿಸಿದ ಮದ್ದನ್ನು ಪರೀಕ್ಷಿಸಿ ವರದಿ ಕೊಡುವುದು ನಮ್ಮ ಕಸುಬು. ದಾಖಲೆ ಪುಸ್ತಕದ ಪ್ರತಿ ಪುಟಕ್ಕೂ ಪ್ರಯೋಗ ಮಾಡಿದವರದೊಂದು ಸಹಿ, ಕಣ್ಣಾರೆ ಕಂಡ ಸಾಕ್ಷಿಯದೊಂದು ಸಹಿ ಬೇಕಿತ್ತು. ಮೊದಲನೆಯದು ಯಾವಾಗಲೂ ಮ್ಯಾನೇಜರದು. ಅವರು ಕೈಗವಸು ತೊಟ್ಟಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಎರಡನೆಯದು ನನ್ನದು.

ಆ ಸಲ ಬಂದ ಮದ್ದು ಒಂದು ಕಿಣ್ವವನ್ನು ತಡೆಯುವಂಥದ್ದು. ಜೀವಕೋಶದ ಮೈಮೇಲಿನ ಸಕ್ಕರೆಯ ಸರಪಳಿಗಳಿಂದ ಈ ಕಿಣ್ವ ಸಲ್ಫೇಟನ್ನು ಕತ್ತರಿಸುತ್ತದೆ. ಕೆಲವು ಯಕೃತ್ತಿನ ಕ್ಯಾನ್ಸರ್‌ಗಳಲ್ಲಿ ಅದು ವಿಪರೀತವಾಗಿದ್ದು, ಗಡ್ಡೆ ಬೆಳೆಯಲು ನೆರವಾಗುತ್ತದೆ. ಅಂಥ ಗಡ್ಡೆಯ ಕೋಶಗಳಿಗೆ ಮದ್ದು ಹಾಕಿದೆ, ಬೆಳವಣಿಗೆ ನಿಧಾನವಾಯಿತು. ಮ್ಯಾನೇಜರು ಮೈಸೂರುಪಾಕು ಹಂಚಿದರು.

ಮುಂದಿನ ವಾರ ಅದೇ ಕೋಶಗಳಿಗೆ ತುಟಿಯಲ್ಲಿ ಗುಳ್ಳೆ ಎಬ್ಬಿಸುವ ವೈರಸ್ ಬಿಟ್ಟೆ. ಆ ವೈರಸ್ ಕೋಶಕ್ಕೆ ಅಂಟಿಕೊಳ್ಳುವುದು ಅದೇ ಸಲ್ಫೇಟನ್ನು ಹಿಡಿದು. ಮದ್ದು ಕಿಣ್ವವನ್ನು ತಡೆದರೆ ಸಲ್ಫೇಟ್ ಕತ್ತರಿಸದೆ ಉಳಿಯುತ್ತದೆ, ವೈರಸ್ಸಿಗೆ ಹಿಡಿತ ಹೆಚ್ಚುತ್ತದೆ. ಮದ್ದಿಲ್ಲದ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಸತ್ತಿತ್ತು. ಮದ್ದು ಹಾಕಿದ ತಟ್ಟೆಯಲ್ಲಿ ಕೋಶಗಳ ಹಾಸೇ ತೂತು ತೂತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ. ಈ ಮದ್ದನ್ನು ನುಂಗಬೇಕಾದವರು ಕೀಮೋ ಆಗಿ, ಸೋಂಕು ತಡೆಯುವ ಶಕ್ತಿ ಉಳಿಯದವರು. ಅಂಥವರಲ್ಲಿ ಆ ವೈರಸ್ ತುಟಿಯಲ್ಲೇ ನಿಲ್ಲುವುದಿಲ್ಲ.

ಮ್ಯಾನೇಜರು ಪುಸ್ತಕ ತಂದಿಟ್ಟರು. ‘ತಟ್ಟೆಗಳಿಗೆ ಬೂಷ್ಟು ಬಂದ ಕಾರಣ ಫಲಿತಾಂಶವಿಲ್ಲ’ ಎಂದು ಬರೆದಿದ್ದರು.

"ಮೇಡಂ, ಇಲ್ಲೊಂದ್ ಸೈನ್ ಹಾಕ್ಬಿಡಿ."

"ಬೂಷ್ಟು ಬಂದಿರ್ಲಿಲ್ಲ ಸಾರ್."

"ಬಂದಿತ್ತು ಅನ್ಕೊಳ್ಳಿ. ಒಂದ್ ತುಟಿ ಗುಳ್ಳೆಗೆ ಹೆದ್ರಿ ಯಾರಾದ್ರೂ ಕ್ಯಾನ್ಸರ್ ಮದ್ದು ಬಿಡ್ತಾರಾ?"

"ಬಿಡಿ ಅಂತಿಲ್ಲ. ಕೊಡೋ ಡಾಕ್ಟ್ರಿಗೆ ಗೊತ್ತಿರ್ಬೇಕಲ್ಲ?"

"ಏನ್ ಮೇಡಂ, ತಟ್ಟೆಗೆ ಲಾಯರ್ ಆಗ್ಬಿಟ್ರಾ?" ತಮ್ಮ ಜೋಕಿಗೆ ತಾವೇ ನಕ್ಕರು. ಮೈಕ್ರೋಸ್ಕೋಪಿನಲ್ಲಿ ಯಾವ ತಿರುಪು ತಿರುಗಿಸಬೇಕೆಂದು ಪ್ರತಿ ಸಲವೂ ನನ್ನನ್ನೇ ಕೇಳುತ್ತಿದ್ದ ಮನುಷ್ಯ. ಬಾಗಿಲ ಕಡೆ ತಿರುಗಿ, ಸ್ಟೋರ್ಸ್ ನೋಡಿಕೊಳ್ಳುವವನನ್ನು ಕೂಗಿದರು: "ಬಾ ಗುರು, ಒಂದ್ ಸೈನ್."

ಅವನು ಒಂದು ಕೈಯಲ್ಲಿ ಮೊಬೈಲ್ ಹಿಡಿದೇ ಬಂದ. "ಎಲ್ಲಿ ಸಾರ್?" ಅಂದ. ಏನು ಎಂದು ಕೇಳಲಿಲ್ಲ. ಸಹಿ ಹಾಕಿ ಹೋದ.

ಅದೇ ವಾರ ವರದಿ ಔಷಧ ಕಂಪನಿಗೆ ಹೋಯಿತು. ನಾನು ಸಹಿ ಹಾಕಲಿಲ್ಲವೆಂದು ಬಹಳ ದಿನ ಹೆಮ್ಮೆಪಟ್ಟೆ. ಆ ಮ್ಯಾನೇಜರಿಗಿಂತ ಆ ಹೆಮ್ಮೆಯೇ ಈಗ ನನಗೆ ಹೆಚ್ಚು ಹೇಸಿಗೆ. ನನ್ನ ಸಹಿ ಇಲ್ಲದ್ದರಿಂದ ಯಾವ ರೋಗಿಗೂ ಏನೂ ತಿಳಿಯಲಿಲ್ಲ. ಔಷಧ ಕಂಪನಿಯ ವಿಳಾಸ ಮದ್ದಿನ ಪ್ರತಿ ಡಬ್ಬಿಯ ಮೇಲೂ ಇತ್ತು. ನಾನು ಬರೆಯಲಿಲ್ಲ.